ಮೂರೋ ಎಂಟೋ

"ಗುರುತಿನ ಚೀಟಿ?" ಅಂದಳು ಗಲ್ಲಾದ ಹುಡುಗಿ.
ಕತ್ತು ಎತ್ತಲಿಲ್ಲ.
ಬೆಲ್ಟಿನ ಮೇಲೆ ನನ್ನ ಸಾಮಾನು ತೆವಳುತ್ತಿತ್ತು:
ಅರ್ಧ ಡಜನ್ ಮೊಟ್ಟೆ, ಬೆಕ್ಕಿನ ಊಟದ ಡಬ್ಬಿ ಎರಡು,
ಬ್ಲ್ಯಾಕ್‌ಬೆರಿ ಬ್ರಾಂದಿ, ಚಿಕ್ಕ ಬಾಟಲಿ.

ಕೆಮ್ಮಿಗೆ ಅನ್ನಬಹುದಿತ್ತು. ಅನ್ನಲಿಲ್ಲ.
ಕುಡಿಯೋದಕ್ಕೇ.

"ಎಂಬತ್ತಮೂರು, ಮಗಾ" ಅಂದೆ.
ಉಣ್ಣೆಯ ಟೋಪಿ ತೆಗೆದು ತಲೆ ತೋರಿಸಿದೆ,
ಊದಿದರೆ ಹಾರಿಹೋಗುವಷ್ಟು ಬಿಳಿ.
"ಎಲ್ಲರನ್ನೂ ಕೇಳಬೇಕು. ರೂಲು."
ಹಿಂದೆ ನಿಂತಿದ್ದ ಹಿಮ ಗೋರುವ ಲಾರಿಯ ಲೈಲ್
"ನಮ್ಮ ಐಲಿ ಅಜ್ಜಿ ಇನ್ನೂ ವಯಸ್ಸಿಗೆ ಬಂದಿಲ್ಲವೇನಮ್ಮಾ?" ಅಂದ.
ಸಾಲಿನುದ್ದಕ್ಕೂ ನಗು. ನಾನೂ ನಕ್ಕೆ.

ಹತ್ತನೇ ವಯಸ್ಸಿಗೆ ಯಾರೂ ಕೇಳಿರಲಿಲ್ಲ.
ತಾಮ್ರದ ಗಣಿಯ ಸಿಳ್ಳೆ ಕೂಗಿದ ಮೇಲೆ
ಅಪ್ಪನ ತಗಡಿನ ಬಕೆಟ್ಟು ಹಿಡಿದು ಹಿಂಬಾಗಿಲಿಗೆ ಹೋದರೆ
ಬಿಯರು ತುಂಬಿಸಿ ಕೊಡುತ್ತಿದ್ದರು.
ನೊರೆ ನನ್ನ ಕೂಲಿ.

ಲೈಸೆನ್ಸು ಕೊಟ್ಟೆ. ಯಂತ್ರ ಕೆಂಪಗಾಗಿ ಕೊಸರಿತು.
ಅವಧಿ ಮುಗಿದಿದೆ.
ಪಾದ್ರಿಯ ಅಂಚೆಪೆಟ್ಟಿಗೆಗೆ ಗುದ್ದಿದ ಮೇಲೆ
ಕಾರಿನ ಕೀಲಿಯನ್ನು ನಾನೇ ಬಿಟ್ಟುಕೊಟ್ಟಿದ್ದೆ;
ಓಡಿಸುವುದು ನಿಂತರೆ
ಹುಟ್ಟಿದ್ದೂ ರದ್ದಾಗುತ್ತದೆ ಅಂತ ಗೊತ್ತಿರಲಿಲ್ಲ.

ಮೂವತ್ತೊಂದು ವರ್ಷ
ಕೌಂಟಿ ಕಚೇರಿಯ ನೆಲಮಾಳಿಗೆಯಲ್ಲಿ
ಈ ಊರಿನವರ ಹುಟ್ಟನ್ನೆಲ್ಲ ಬೆರಳಚ್ಚು ಮಾಡಿದವಳು ನಾನು.
ತೂಕ, ತಾಯಿಯ ಹೆಸರು, ಗೊತ್ತಿದ್ದರೆ ತಂದೆಯದು.
ನಾನು ಮುದ್ರೆ ಒತ್ತುವ ತನಕ
ಯಾವ ಕೂಸೂ ಹುಟ್ಟಿರಲಿಲ್ಲ, ಎಷ್ಟೇ ಅತ್ತರೂ.

ಹುಡುಗಿ ಈಗ ತಲೆ ಎತ್ತಿದಳು.
ಎದೆಯ ಬಿಲ್ಲೆಯಲ್ಲಿ ಬ್ರಿನ್ ಅಂತ ಅಷ್ಟೇ ಇತ್ತು.
ಮಿಕ್ಕದ್ದನ್ನು ಕಿವಿ ಹೇಳಿತು:
ಮೇಲಂಚು ಮಡಿಸಿದ, ಲಕೋಟೆಯಂಥ ಕಿವಿ.
ಗುರುತು ಕೇಳಿದವಳ ಗುರುತು ನನಗೆ ಸಿಕ್ಕಿತು.

ಅದೇ ಕಿವಿ ತಲೆವಸ್ತ್ರದೊಳಗಿಂದ ಇಣುಕುತ್ತಿತ್ತು
ಲೆಂಪಿ ಪೆಲ್ಕೊಲಾ ನನ್ನ ಮೆಟ್ಟಿಲಿಳಿದು ಬಂದಾಗ.
ಲಾಟರಿಯಲ್ಲಿ ತಾರೀಖು ಎತ್ತಿ
ಹುಡುಗರನ್ನು ಯುದ್ಧಕ್ಕೆ ಕಳಿಸುತ್ತಿದ್ದ ಚಳಿಗಾಲ.
ಕಂಕುಳಲ್ಲಿ ಏಲಕ್ಕಿ ಬ್ರೆಡ್ಡು, ಇನ್ನೂ ಬಿಸಿ.
ಇಂಗ್ಲಿಷ್ ಬಾರದು. ನಮ್ಮಮ್ಮನ ಫಿನ್ನಿಷ್‌ನಲ್ಲೇ ಅಂದಳು:
"ನನ್ನ ರೇನೊ ಮೂರಕ್ಕೆ ಹುಟ್ಟಿದ.
ಎಂಟಕ್ಕೆ ಹುಟ್ಟಬಹುದಿತ್ತು.
ನೋವು ಐದು ದಿನ ಮೊದಲು ಬಂತು, ಅಷ್ಟೇ."

3ಕ್ಕೆ ಎಡಗಡೆ ಎರಡು ಬಾಯಿ ತೆರೆದಿರುತ್ತವೆ.
ಅದರ ಮೇಲೇ 8 ಒತ್ತಿದರೆ
ಎರಡೂ ಮುಚ್ಚಿಕೊಳ್ಳುತ್ತವೆ.
ಅಂದಿನಿಂದ ನನ್ನದೂ.

ರೇನೊನ ಸೀಟಿನಲ್ಲಿ ಬಸ್ಸು ಹತ್ತಿದವನು ಯಾರು ಅಂತ
ಕೆಲವು ರಾತ್ರಿ ಲೆಕ್ಕ ಹಾಕುತ್ತೇನೆ.
ಆ ವರ್ಷದ ಕಡತ ಪೂರ್ತಿ ನೆನಪಿದೆ.
ಬ್ರಾಂದಿ ಅದಕ್ಕೂ ಬೇಕಾಗುತ್ತದೆ.

"ಸಾರಿ ಅಜ್ಜೀ."
ನಾನು ತಗೋತೀನಿ ಬಿಡು ಅಂದ ಲೈಲ್.
"ಅದೂ ರೂಲಿಗೆ ವಿರುದ್ಧ."
ಮ್ಯಾನೇಜರು ಹಿಂದುಗಡೆ ಹಾಲು ಇಳಿಸಿಕೊಳ್ಳುತ್ತಿದ್ದ.
ಆ ಬಾಗಿಲನ್ನೊಮ್ಮೆ ನೋಡಿದಳು,
ನನ್ನ ಕೈಯಲ್ಲಿದ್ದ ಟೋಪಿಯನ್ನೊಮ್ಮೆ,
ಆಮೇಲೆ ಟಪಟಪ ಅಂಕಿ ಒತ್ತಿದಳು.
ಯಂತ್ರ ಹಸಿರಾಯಿತು.

"ಇದಕ್ಕೆ ಯಾವುದಾದ್ರೂ ಒಂದು ತಾರೀಖು ಬೇಕು, ಅಷ್ಟೇ"
ಪಿಸುಗುಟ್ಟಿದಳು. "ನಮ್ಮಜ್ಜಂದು ಹಾಕಿದೆ.
ನಂಗೆ ಬಾಯಿಪಾಠ ಬರೋದು ಅದೊಂದೇ."

ಅವಳ ಬೆರಳನ್ನೇ ನೋಡುತ್ತಿದ್ದೆ,
ನಡುವಿನ ಅಂಕಿಗೆ ಕಣ್ಣು ಸಾಲಲಿಲ್ಲ.
ಆ ಮನೆಯಲ್ಲಿ ಕೇಕು ಕತ್ತರಿಸುವುದು ಯಾವತ್ತು,
ಲೆಂಪಿ ಹೆತ್ತ ದಿನವೋ
ನಾನು ಹೆತ್ತ ದಿನವೋ
ಕೇಳೋಣವೆಂದು ಬಾಯಿ ತೆರೆದೆ.

"ಚೀಲ ಬೇಕಾ?" ಅಂದಳು.

ಬೇಕು ಅಂದೆ.
ಮೊಟ್ಟೆ ಮೇಲಿಡು.